ಅಪ್ಪನ ಸಿಪ್ಯಾಪ್: ಮೆಷಿನ್ನೇ ಬದಲಾಯಿಸಬೇಕಾ, ಮಾಸ್ಕ್ ಬದಲಾಯಿಸಿದರೆ ಸಾಕಾ?

ದಾವಣಗೆರೆಯಿಂದ ಕೇಳುತ್ತಿದ್ದೇನೆ. ಅಪ್ಪನಿಗೆ 68 ವರ್ಷ. ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ) ಇದೆ ಅಂತ ಗೊತ್ತಾಗಿ ನಾಲ್ಕು ವರ್ಷವಾಯಿತು, ರಾತ್ರಿ ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಮೆಷಿನ್) ಹಾಕಿಕೊಂಡೇ ಮಲಗುತ್ತಾರೆ. ಈಚೆಗೆ ಮತ್ತೆ ಗೊರಕೆ ಶುರುವಾಗಿದೆ. ಬೆಳಿಗ್ಗೆ ಬಾಯಿ ಒಣಗಿರುತ್ತೆ, ಕಣ್ಣು ಕೆಂಪಾಗಿರುತ್ತೆ. ಮಾಸ್ಕಿನಿಂದ ಸುಯ್ ಅಂತ ಶಬ್ದ ಬರುತ್ತೆ. ಮಾರಿದವರು "ಮೆಷಿನ್ ಹಳೇದಾಯ್ತು, ಹೊಸದು ತಗೊಳ್ಳಿ" ಅನ್ನುತ್ತಾರೆ. ನಿಜವಾಗಲೂ ಬೇಕಾ? ನಿಮ್ಮ ಮನೆಗಳಲ್ಲಿ ಹೇಗೆ ನೋಡಿಕೊಳ್ಳುತ್ತೀರಿ, ಯಾವುದನ್ನು ಯಾವಾಗ ಬದಲಾಯಿಸುತ್ತೀರಿ, ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಸ್ವತಃ ಬಳಸುವವರು

ನಾನೂ ನಿಮ್ಮ ತಂದೆ ವಯಸ್ಸಿನವನೇ ಅಮ್ಮ. ದುಡ್ಡು ಕಟ್ಟುವ ಮೊದಲು ಮಾಸ್ಕ್ ನೋಡಿ. ನೀವು ಹೇಳಿದ ಲಕ್ಷಣವೆಲ್ಲ ಗಾಳಿ ಸೋರುವಾಗ ಬರುವಂಥವೇ. ಮೇಲಿನಿಂದ ಸೋರಿದ ಗಾಳಿ ಕಣ್ಣಿಗೆ ಹೊಡೆಯುತ್ತೆ, ಅದಕ್ಕೇ ಕೆಂಪು.

ಮಾಸ್ಕಿನ ಸಿಲಿಕಾನ್ ಕುಶನ್ ಬಿಚ್ಚಿ, ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೊಸದಾಗಿದ್ದಾಗ ಆ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಮೆತ್ತಗೆ ಇರುತ್ತೆ. ಒಳಗಿನ ಗಾಳಿಗೆ ಉಬ್ಬಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಹಳೆಯದಾದರೆ ಹಳದಿ ತಿರುಗಿ, ಜಿಡ್ಡು ಹಿಡಿದು, ಮಡಿಕೆ ಬಿದ್ದಲ್ಲೇ ನಿಂತುಬಿಡುತ್ತೆ. ಆಗ ಎಲ್ಲರೂ ಮಾಡುವುದು ಬೆಲ್ಟ್ ಬಿಗಿಮಾಡೋದು. ಬಿಗಿಮಾಡಿದಷ್ಟೂ ಆ ಅಂಚು ಚಪ್ಪಟೆಯಾಗಿ ಇನ್ನೂ ಜಾಸ್ತಿ ಸೋರುತ್ತೆ, ಮೂಗಿನ ಮೇಲೆ ಗಾಯ ಬೇರೆ. ಮೆಷಿನ್ ಆನ್ ಮಾಡಿ, ಅಪ್ಪ ಮಲಗಿರುವಾಗಲೇ ಮಾಸ್ಕ್ ಸರಿಹೊಂದಿಸಿ. ಕೂತಾಗಿನ ಮುಖವೇ ಬೇರೆ, ಮಲಗಿದಾಗಿನ ಮುಖವೇ ಬೇರೆ.

ಕುಶನ್ ಹಾಳುಮಾಡೋದು ಮುಖದ ಎಣ್ಣೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮು ಹಚ್ಚುವ ಅಭ್ಯಾಸ ಇದ್ದರೆ ಅದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಲಿ. ಮಲಗುವ ಮೊದಲು ಮುಖ ತೊಳೆಯಲಿ. ಬೆಳಿಗ್ಗೆ ಎದ್ದ ತಕ್ಷಣ ಕುಶನ್ ಮಾತ್ರ ಬಿಚ್ಚಿ, ಉಗುರುಬೆಚ್ಚಗಿನ ನೀರು, ಒಂದು ಹನಿ ಬೇಬಿ ಸೋಪು, ಅಷ್ಟೇ. ಡೆಟಾಲ್, ಸ್ಪಿರಿಟ್, ಬ್ಲೀಚ್ ಹತ್ತಿರಕ್ಕೂ ಬೇಡ. ಅದರ ಆವಿಯನ್ನೇ ರಾತ್ರಿಯಿಡೀ ಉಸಿರಾಡಬೇಕಾಗುತ್ತೆ.

ಆಮೇಲೆ ಮೆಷಿನ್ನಿನ ಪರದೆ ನೋಡಿ. ಹಿಂದಿನ ರಾತ್ರಿಯ ವರದಿ ಇರುತ್ತೆ. ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ. 5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಲೀಕ್ ಇರುತ್ತೆ. ರೆಸ್‌ಮೆಡ್ ಕಂಪನಿಯ ಮೆಷಿನ್‌ಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಅಂತ ಅರ್ಥ. ಕೆಲವು ಪರದೆಯಲ್ಲಿ ಸಂಖ್ಯೆಯ ಬದಲು ನಗುವ ಮುಖ, ಬೇಸರದ ಮುಖ ಬರುತ್ತೆ. ಎರಡೂ ಜಾಸ್ತಿ ಇದ್ದರೆ ಮೊದಲು ಮಾಸ್ಕ್. ಲೀಕ್ ಸರಿಯಾಗಿದ್ದೂ ಎಎಚ್‌ಐ ಏರುತ್ತಲೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ತೂಕ ಏರಿಳಿದಿದ್ದರೆ ಮೆಷಿನ್ ಊದುವ ಗಾಳಿಯ ಒತ್ತಡವನ್ನೇ ಬದಲಾಯಿಸಬೇಕಾಗಬಹುದು. ಅದನ್ನು ನಾವು ಮುಟ್ಟೋದು ಬೇಡ.

ಮೆಷಿನ್ನೇ ಕೆಟ್ಟಿದ್ದರೆ ಬೇರೆ ಥರ ಗೊತ್ತಾಗುತ್ತೆ. ಮೋಟಾರ್ ಗೊರಗೊರ ಅನ್ನುತ್ತೆ, ಸುಟ್ಟ ವಾಸನೆ ಬರುತ್ತೆ, ಪೈಪಿನೊಳಗೆ ಕಪ್ಪು ಚೂರು ಕಾಣುತ್ತೆ, ಅಥವಾ ಮೋಟಾರಿನ ಆಯುಸ್ಸು ಮುಗಿಯಿತು ಅಂತ ಪರದೆ ಮೇಲೇ ಬರುತ್ತೆ. ವಾಸನೆ, ಕಪ್ಪು ಚೂರು ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಬದಲಿ ಮೆಷಿನ್ ಕೇಳಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯ್ತು ಸರ್. ಈಗಷ್ಟೇ ನೋಡಿದೆ, ಲೀಕ್ 38 ತೋರಿಸುತ್ತಿದೆ. ಎಎಚ್‌ಐ 9. ಕುಶನ್ ಬದಲಾಯಿಸಿ ಒಂದೂವರೆ ವರ್ಷವೇ ಆಗಿರಬೇಕು. ನೀರಿನ ಡಬ್ಬಿ ತಳದಲ್ಲಿ ಬಿಳಿ ಪದರ ಕಟ್ಟಿದೆ, ಅದಕ್ಕೇನು ಮಾಡೋದು?

ಮಂಗಳೂರಿನಿಂದ, ಅತ್ತೆಯ ಮೆಷಿನ್ ನೋಡಿಕೊಳ್ಳುವವರು

ಅದು ಬೋರ್‌ವೆಲ್ ನೀರಿನ ಉಪ್ಪು ಅಕ್ಕ. ಬಿಳಿ ವಿನೆಗರ್ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ ಸ್ವಲ್ಪ ಹೊತ್ತು ನೆನೆಸಿಡಿ, ಬಿಟ್ಟುಕೊಳ್ಳುತ್ತೆ. ಚೆನ್ನಾಗಿ ತೊಳೆದು ಒಣಗಿಸಿ. ತಳದ ಲೋಹದಲ್ಲಿ ಗುಳಿ ಬಿದ್ದಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಹೊಸ ಡಬ್ಬಿ ತಗೊಳ್ಳಿ. ಮುಂದೆ ಡಿಸ್ಟಿಲ್ಡ್ ವಾಟರ್ ಹಾಕಿ, ಮೆಡಿಕಲ್ ಶಾಪಿನಲ್ಲಿ ಕೇಳಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಉಪ್ಪು ಹೋಗೋದಿಲ್ಲ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಬೇಡವೇ ಬೇಡ, ಅದು ಉಸಿರಾಡೋಕೆ ಮಾಡಿದ್ದಲ್ಲ. ಉಳಿದ ನೀರು ದಿನಾ ಚೆಲ್ಲಿ, ಹೊಸದು ತುಂಬಿಸಿ.

ನಮ್ಮಲ್ಲಿ ಮಳೆಗಾಲದ ತೊಂದರೆ ಬೇರೆ. ಪೈಪ್ ಒಣಗೋದೇ ಇಲ್ಲ. ವಾರಕ್ಕೊಮ್ಮೆ ತೊಳೆದ ಮೇಲೆ ಬಾತ್‌ರೂಮಿನಲ್ಲಿ ನೇತುಹಾಕುವ ಬದಲು ಫ್ಯಾನ್ ಕೆಳಗೆ ಎರಡೂ ಬಾಯಿ ಕೆಳಮುಖ ಮಾಡಿ ನೇತುಹಾಕುತ್ತೇನೆ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಗಟ್ಟಿಯಾಗಿ ಸೀಳುತ್ತೆ. ಜುಲೈನಲ್ಲಿ ರಾತ್ರಿ ಪೈಪಿನೊಳಗೆ ನೀರು ನಿಂತು ಗುಳುಗುಳು ಅಂದರೆ ಹ್ಯುಮಿಡಿಫೈಯರ್ (ಡಬ್ಬಿಯ ನೀರು ಬಿಸಿಮಾಡಿ ಗಾಳಿಗೆ ತೇವ ಕೊಡುವ ಭಾಗ) ಒಂದೆರಡು ಅಂಕೆ ಇಳಿಸಿ. ಮೆಷಿನ್ ತಲೆಗಿಂತ ತಗ್ಗಿನಲ್ಲಿರಲಿ, ಆಗ ನೀರು ಮುಖಕ್ಕೆ ಬರುವುದಿಲ್ಲ. ಹಾಗಂತ ನೆಲದ ಮೇಲೂ ಬೇಡ, ಗುಡಿಸಿದ ಧೂಳೆಲ್ಲ ಒಳಗೆ ಹೋಗುತ್ತೆ. ಒಂದು ಗಿಡ್ಡ ಸ್ಟೂಲ್ ಸಾಕು.

ನ್ಯೂಜೆರ್ಸಿಯಿಂದ, ಮೈಸೂರಿನವರು

ಇಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಕೊಡುವ ಲೆಕ್ಕ ಹೇಳುತ್ತೇನೆ, ಒಂದು ಅಂದಾಜಿಗೆ ಸಿಗುತ್ತೆ. ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕಿನ ಕುಶನ್ ತಿಂಗಳಿಗೊಂದು, ಬಿಸಾಡುವ ಫಿಲ್ಟರ್ ತಿಂಗಳಿಗೆ ಎರಡು, ಪೈಪ್ 3 ತಿಂಗಳಿಗೆ, ತಲೆ ಬೆಲ್ಟ್ ಮತ್ತು ನೀರಿನ ಡಬ್ಬಿ 6 ತಿಂಗಳಿಗೆ, ಮೆಷಿನ್ 5 ವರ್ಷಕ್ಕೆ. ಇದು ವಿಮೆಯವರು ಕೊಡುವ ಗರಿಷ್ಠ. ಕೈಯಿಂದ ದುಡ್ಡು ಹಾಕುವ ನಮ್ಮೂರಿನವರು ಅಷ್ಟು ಬೇಗ ಬಿಸಾಡಬೇಕಾಗಿಲ್ಲ. ನಮ್ಮಪ್ಪನಿಗೆ ಮೈಸೂರಿನಲ್ಲಿ ಕುಶನ್ ಐದಾರು ತಿಂಗಳು ಚೆನ್ನಾಗಿಯೇ ಬರುತ್ತೆ. ಫಿಲ್ಟರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಪಕ್ಕದಲ್ಲೇ ದೇವರ ಮನೆ, ಊದುಬತ್ತಿ, ಧೂಪ, ಸಾಲದ್ದಕ್ಕೆ ಸೊಳ್ಳೆ ಬತ್ತಿ. ಎರಡು ವಾರಕ್ಕೇ ಬೂದಿ ಬಣ್ಣ. ಬಿಳಿ ತೆಳು ಫಿಲ್ಟರ್ ತೊಳೆಯುವಂಥದ್ದಲ್ಲ, ತೊಳೆದು ಹಾಕಬೇಡಿ.

ಇನ್ನೊಂದು. ಓಝೋನ್ ಅನಿಲ ಬಿಟ್ಟು ಸಿಪ್ಯಾಪ್ ಶುದ್ಧಮಾಡುವ ಪೆಟ್ಟಿಗೆ ಮಾರುತ್ತಾರೆ, ತಗೊಳ್ಳಬೇಡಿ. ಔಷಧಿ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಲಕ್ಷಾಂತರ ಮೆಷಿನ್ ವಾಪಸ್ ಕರೆಯಿತಲ್ವಾ, ಶಬ್ದ ತಗ್ಗಿಸೋಕೆ ಒಳಗಿಟ್ಟಿದ್ದ ಫೋಮ್ ಪುಡಿಯಾಗುತ್ತಿತ್ತು. ಓಝೋನ್ ಅದನ್ನು ಇನ್ನೂ ಬೇಗ ಹಾಳುಮಾಡುತ್ತೆ ಅಂತ ಕಂಪನಿಯೇ ಹೇಳಿತ್ತು. ಸೆಕೆಂಡ್ ಹ್ಯಾಂಡ್ ನೋಡುವವರು ಸೀರಿಯಲ್ ನಂಬರ್ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ.

ಸಿರಾ ಕಡೆಯಿಂದ

ಕರೆಂಟ್ ವಿಚಾರ ಯಾರೂ ಹೇಳಲಿಲ್ಲ. ಯುಪಿಎಸ್ ಮೇಲೆ ನಡೆಸುವಾಗ ಹ್ಯುಮಿಡಿಫೈಯರ್, ಬಿಸಿ ಪೈಪ್ ಎರಡೂ ಆಫ್ ಮಾಡಿ. ಬ್ಯಾಟರಿ ತಿನ್ನೋದು ಆ ಬಿಸಿಯೇ, ಗಾಳಿ ಊದೋಕೆ ಬೇಕಾಗೋದು ಸ್ವಲ್ಪ. ಹೊಸ ಇನ್ವರ್ಟರ್ ತಗೊಳ್ಳೋದಾದರೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಕರೆಂಟ್ ಕೊಡುವಂಥದ್ದು) ಅಂತಲೇ ಕೇಳಿ. ಇನ್ನು ಮುಂದೆ ಮೆಷಿನ್ ಬದಲಾಯಿಸುವ ದಿನ ಬಂದಾಗ, ಹಳೆಯದರ ಸೆಟ್ಟಿಂಗ್ ಪೂರ್ತಿ ಫೋಟೋ ತೆಗೆದಿಟ್ಟುಕೊಳ್ಳಿ: ಮೋಡ್, ಕನಿಷ್ಠ ಒತ್ತಡ, ಗರಿಷ್ಠ ಒತ್ತಡ, ರ‍್ಯಾಂಪ್ (ಶುರುವಿನಲ್ಲಿ ಒತ್ತಡ ನಿಧಾನಕ್ಕೆ ಏರುವ ಸಮಯ). ಹಳೆಯದು ಓಡುತ್ತಿದ್ದರೆ ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಹೊಸದು ರಿಪೇರಿಗೆ ಹೋದ ರಾತ್ರಿಗಳಿಗೆ ಬೇಕು.

ಬೆಂಗಳೂರಿನವರೇ ಮತ್ತೆ

38 ಅಂದರೆ ಕುಶನ್ನೇ ಅಮ್ಮ. ಮಾಸ್ಕಿನ ಮೇಲೆ ಹೆಸರು, ಸೈಜು ಅಚ್ಚಾಗಿರುತ್ತೆ, ಅದೇ ಸೈಜು ತನ್ನಿ. ಹೊಸ ಮಾದರಿ ತೋರಿಸಿದರೆ ಒಂದು ಮಾತು ಕೇಳಿಕೊಳ್ಳಿ: ಕ್ಲಿಪ್‌ನಲ್ಲಿ ಅಯಸ್ಕಾಂತ ಇದೆಯಾ? ಅಪ್ಪನಿಗಾಗಲಿ, ಪಕ್ಕದಲ್ಲಿ ಮಲಗುವ ಅಮ್ಮನಿಗಾಗಲಿ ಪೇಸ್‌ಮೇಕರ್ ಇದ್ದರೆ ಅಂಥ ಮಾಸ್ಕ್ ಬೇಡ, ಅಯಸ್ಕಾಂತ ಇಲ್ಲದ್ದೇ ಕೇಳಿ. ಹೊಸ ಕುಶನ್ ಹಾಕಿ ಒಂದು ವಾರದ ಲೀಕ್, ಎಎಚ್‌ಐ ಬರೆದಿಟ್ಟು ಇಲ್ಲೇ ತಿಳಿಸಿ.