ಡಿಯೋನ ಯಾವ ಹಾಡಿನಿಂದ ಶುರು ಮಾಡಿಸಲಿ?

ಜಯನಗರ ಫೋರ್ತ್ ಬ್ಲಾಕ್

ಮೇ 16 ಹತ್ತಿರ ಬಂತು. ಅಮೆರಿಕದ ಹೆವಿ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೋ ತೀರಿಕೊಂಡಿದ್ದು 2010ರ ಅದೇ ದಿನ. ಆವತ್ತು ನಾನು ಮನೆಯಲ್ಲಿ ಅವನ ಹಾಡುಗಳನ್ನು ಜೋರಾಗಿ ಹಾಕಿಕೊಂಡು ಕೂರುತ್ತೇನೆ, ಪ್ರತಿ ವರ್ಷ. ಈ ಸಲ ನಿಮ್ಮ ಸಹಾಯ ಬೇಕು.

ನಮ್ಮಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ, ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ರಾಕ್ ಅಂದರೆ ಬರೀ ಕಿರುಚಾಟ ಅಂತ ಅವಳ ಲೆಕ್ಕ. ಹೋದ ವಾರ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಕಾರಿನಲ್ಲಿ ಡಿಯೋನ ‘ಹೋಲಿ ಡೈವರ್’ ಬಂತು. ಮೊದಲು ಆ ಗಾಳಿಯ ಸದ್ದು, ಆಮೇಲೆ ಗಿಟಾರ್, ಅಲ್ಲಿವರೆಗೂ ಫೋನ್ ನೋಡುತ್ತಿದ್ದಳು. ಅವನ ದನಿ ಬಂದ ಸ್ವಲ್ಪ ಹೊತ್ತಿಗೆ ಫೋನ್ ಕೆಳಗಿಟ್ಟು, ‘ಮಾಮ, ಇವರು ಉಸಿರು ಎಲ್ಲಿ ತಗೊಳ್ತಾರೆ?’ ಅಂತ ಕೇಳಿದಳು. ಅಷ್ಟೇ ಸಾಕಾಯಿತು ನನಗೆ.

ಈಗ ಅವಳನ್ನು ಕೂರಿಸಿಕೊಂಡು ಸರಿಯಾಗಿ ಕೇಳಿಸಬೇಕು. ಯಾವ ಹಾಡು, ಯಾಕೆ? ಸುಮ್ನೆ ಪಟ್ಟಿ ಕೊಡಬೇಡಿ. ಡಿಯೋ ನಿಮಗೆ ಹೇಗೆ ಸಿಕ್ಕಿದ, ಅದನ್ನೂ ಬರೆಯಿರಿ.

ಮಲ್ಲೇಶ್ವರದ ಡ್ರಮ್ಮರ್

ಉಸಿರಿನ ವಿಷಯ ಹಿಡಿದಿದ್ದಾಳೆ ಅಂದರೆ ಹುಡುಗಿಗೆ ಒಳ್ಳೇ ಕಿವಿ ಇದೆ ಗುರು. ಡಿಯೋ ಹಾಡುವುದನ್ನು ಯಾರ ಹತ್ತಿರವೂ ಪಾಠ ಹೇಳಿಸಿಕೊಂಡವನಲ್ಲ. ಚಿಕ್ಕ ಹುಡುಗನಾಗಿದ್ದಾಗ ಕಲಿತಿದ್ದು ಟ್ರಂಪೆಟ್. ಊದುವಾಗ ಉಸಿರನ್ನು ಹೊಟ್ಟೆಯಿಂದ ಹಿಡಿದು ಬಿಡುವ ಅಭ್ಯಾಸವೇ ಮುಂದೆ ಹಾಡುವುದಕ್ಕೂ ಬಂತು ಅಂತ ಅವನೇ ಹೇಳುತ್ತಿದ್ದ. ನಾಗಸ್ವರದವರನ್ನು ಹತ್ತಿರದಿಂದ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ನನ್ನ ಓಟು ‘ಸ್ಟಾರ್‌ಗೇಜರ್’ಗೆ. ರೇನ್‌ಬೋ ಬ್ಯಾಂಡಿನಲ್ಲಿ ಡಿಯೋ ಹಾಡುತ್ತಿದ್ದಾಗ ಬಂದ 1976ರ ‘ರೈಸಿಂಗ್’ ಆಲ್ಬಂನದು, ಎಂಟು ನಿಮಿಷಕ್ಕಿಂತ ಜಾಸ್ತಿ ಇದೆ. ಕೋಝಿ ಪವೆಲ್ ಡ್ರಮ್ಸ್‌ನಲ್ಲಿ ಬಾಗಿಲು ತೆಗೆಯುತ್ತಾನೆ, ಹಿಂದೆಯೇ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ಜೊತೆಗೆ ಮ್ಯೂನಿಕ್‌ನ ಇಡೀ ಆರ್ಕೆಸ್ಟ್ರಾ. ಇಷ್ಟೆಲ್ಲ ಗದ್ದಲದ ಮೇಲೆ ಒಬ್ಬ ಕುಳ್ಳ ಮನುಷ್ಯ ನಿಂತು ಹಾಡುತ್ತಾನೆ, ಒಂದು ಪದವೂ ಮುಳುಗುವುದಿಲ್ಲ! ಕಥೆ ಇದು. ಒಬ್ಬ ಮಾಂತ್ರಿಕ ಆಕಾಶಕ್ಕೆ ಹಾರಬೇಕು ಅಂತ ಬಿಸಿಲಲ್ಲಿ ಜನರನ್ನು ದುಡಿಸಿ ಕಲ್ಲಿನ ಗೋಪುರ ಕಟ್ಟಿಸುತ್ತಾನೆ. ಹಾಡುತ್ತಿರುವವನು ಆ ಕಲ್ಲು ಹೊತ್ತವರಲ್ಲಿ ಒಬ್ಬ. ಕೊನೆಗೆ ಮಾಂತ್ರಿಕ ಹಾರುವುದಿಲ್ಲ, ಬೀಳುತ್ತಾನೆ. ಈಗ ನಾವು ಎಲ್ಲಿಗೆ ಹೋಗೋದು ಅಂತ ಇವನು ಕೇಳುವ ಜಾಗದಲ್ಲಿ ದನಿ ಹೇಗೆ ಬದಲಾಗುತ್ತದೆ ಅಂತ ಅವಳಿಗೆ ಗಮನಿಸಲು ಹೇಳಿ.

ನಾನು ಇದನ್ನು ಮೊದಲು ಕೇಳಿದ್ದು ಕಾಲೇಜಿನ ಗೆಳೆಯ ತುಂಬಿಸಿಕೊಟ್ಟ ಕ್ಯಾಸೆಟ್‌ನಲ್ಲಿ. ಎ ಸೈಡ್‌ನ ಕೊನೆಯ ಹಾಡು. ಗೋಪುರ ಇನ್ನೂ ಏಳುತ್ತಿರುವಾಗಲೇ ಟೇಪ್ ಮುಗಿದು ಟಕ್ ಅಂತ ಬಟನ್ ಮೇಲೇಳುತ್ತಿತ್ತು. ಎಷ್ಟೋ ವರ್ಷ ಆ ಮಾಂತ್ರಿಕ ಏನಾದ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಬ್ರಿಗೇಡ್ ರೋಡ್‌ನಲ್ಲಿ ಸಿಡಿ ಸಿಕ್ಕಿತು. ಮನೆಗೆ ತಂದು ಉಳಿದ ಅರ್ಧ ಹಾಡು ಕೇಳಿದ ಆ ಸಂಜೆ ಈಗಲೂ ಹಾಗೇ ನೆನಪಿದೆ.

ಬಾಸ್ ಲೈನ್ ಬಸವನಗುಡಿ

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಶುರುವಿಗೆ ಅದು ಬೇಡ. ಹಾಡು ಉದ್ದ ಅಂತಲ್ಲ, ರಾಗ ತಾನ ಪಲ್ಲವಿ ಕೇಳುವ ಹುಡುಗಿಗೆ ಎಂಟು ನಿಮಿಷ ಯಾವ ಲೆಕ್ಕ. ಅದರಲ್ಲಿ ಎಲ್ಲವೂ ದೊಡ್ಡದು, ಮೊದಲ ಸಲ ಕೇಳುವವರಿಗೆ ಯಾವುದನ್ನು ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ.

ಬ್ಲ್ಯಾಕ್ ಸಬಾತ್‌ನ ‘ಚಿಲ್ಡ್ರನ್ ಆಫ್ ದ ಸೀ’ ಹಾಕಿ. 1979ರಲ್ಲಿ ಅವರ ಗಾಯಕ ಓಝಿ ಆಸ್ಬೋರ್ನ್‌ನನ್ನು ಬ್ಯಾಂಡಿನಿಂದ ತೆಗೆದರು, ಬ್ಯಾಂಡ್ ಮುಗಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದ ಹೊತ್ತದು. ಆಗ ಬಂದವನು ಡಿಯೋ. ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಜೊತೆ ಕೂತು ಮಾಡಿದ ಮೊದಲ ಹಾಡು ಇದು, 1980ರ ‘ಹೆವನ್ ಅಂಡ್ ಹೆಲ್’ ಆಲ್ಬಂನಲ್ಲಿದೆ. ಶುರುವಿನಲ್ಲಿ ಮೆತ್ತಗಿನ ಗಿಟಾರ್ ಮಾತ್ರ, ಡಿಯೋ ಪಕ್ಕದಲ್ಲೇ ಕೂತು ಹೇಳುತ್ತಿರುವಷ್ಟು ತಣ್ಣಗೆ ಹಾಡುತ್ತಾನೆ. ಇದ್ದಕ್ಕಿದ್ದಂತೆ ಬ್ಯಾಂಡ್ ಮೇಲೆ ಬೀಳುತ್ತದೆ, ದನಿಯೂ ಅದರ ಜೊತೆಗೇ ಏರುತ್ತದೆ. ಶ್ರುತಿ ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ಹಾಡುಗಾರಿಕೆ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೇ ಪಾಠ ಬೇಕಾ?

ಓಝಿ ದೊಡ್ಡವನಾ, ಡಿಯೋ ದೊಡ್ಡವನಾ ಅನ್ನೋ ಜಗಳ ಇಲ್ಲಿ ಬೇಡ. 2025ರ ಜುಲೈನಲ್ಲಿ ಓಝಿಯೂ ಹೋದ. ನನಗೆ ಇಬ್ಬರೂ ಬೇಕು.

ಇನ್ನೊಂದು. ಅವಳಿಗೆ ರಾಗದ ಹುಚ್ಚು ಇದ್ದರೆ ಆಮೇಲೆ ರೇನ್‌ಬೋನ ‘ಗೇಟ್ಸ್ ಆಫ್ ಬ್ಯಾಬಿಲಾನ್’ ಕೇಳಿಸಿ, 1978ರದು. ಅದರಲ್ಲಿ ವಕುಳಾಭರಣ ರಾಗದ ನೆರಳು ಚೆನ್ನಾಗಿ ಕಾಣುತ್ತದೆ. ನಾನು ಹೇಳಿದೆ ಅಂತ ಹೇಳಬೇಡಿ, ಅವಳೇ ಗುರುತು ಹಿಡಿಯಲಿ.

ನೀಲಿ ಗಿಟಾರ್

ಹಾಡಿನ ಜೊತೆ ಡಿಯೋ ವೇದಿಕೆಯಲ್ಲಿ ಮಾಡುತ್ತಿದ್ದ ಕೈಸನ್ನೆಯ ಕಥೆಯನ್ನೂ ಅವಳಿಗೆ ಹೇಳಿ ಸರ್. ತೋರುಬೆರಳು, ಕಿರುಬೆರಳು ಎತ್ತಿ ಉಳಿದದ್ದು ಮಡಚುವುದು. ನಮ್ಮ ಮನೆಯಲ್ಲಿ ನಾನು ಹಾಗೆ ಮಾಡಿದಾಗ ಅಮ್ಮ ಇದೇನು ದೆವ್ವದ ಪೂಜೆನಾ ಅಂತ ಗಾಬರಿಯಾಗಿದ್ದರು. ನಿಜ ಏನಂದರೆ ಅದು ಡಿಯೋ ಅವರ ಅಜ್ಜಿಯಿಂದ ಬಂದದ್ದು. ಇಟಲಿ ಮೂಲದ ಅಜ್ಜಿ, ಯಾರದಾದರೂ ಕೆಟ್ಟ ಕಣ್ಣು ಬಿತ್ತು ಅನ್ನಿಸಿದರೆ ಆ ಸನ್ನೆ ಮಾಡುತ್ತಿದ್ದರಂತೆ. ನಮ್ಮಜ್ಜಿ ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕುತ್ತಿದ್ದರಲ್ಲ, ಅದೇ ಕೆಲಸ. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಡಿಯೋ ಮೇಲೆ ಪ್ರೀತಿಯೇ ಬಂತು.

ಓಝಿ ವೇದಿಕೆಯಲ್ಲಿ ಎರಡು ಬೆರಳೆತ್ತಿ ಶಾಂತಿಯ ಸನ್ನೆ ಮಾಡುತ್ತಿದ್ದ, ಅವನದನ್ನೇ ನಾನೂ ಮಾಡಬಾರದು ಅಂತ ಡಿಯೋ ಅಜ್ಜಿಯದನ್ನು ತಂದರು. ತಾನೇ ಮೊದಲಿಗ ಅಂತ ಅವರು ಯಾವತ್ತೂ ಹೇಳಿಕೊಳ್ಳಲಿಲ್ಲ, ಅದು ನನಗೆ ತುಂಬಾ ಇಷ್ಟ.

2007ರ ಮಾರ್ಚ್ 17ರಂದು ಐರನ್ ಮೇಡನ್ ಬ್ಯಾಂಡ್ ನೋಡಲು ಅರಮನೆ ಮೈದಾನಕ್ಕೆ ಹೋಗಿದ್ದೆ. ಎಲ್ಲಿ ನೋಡಿದರೂ ಆ ಕೈಗಳೇ. ನನ್ನ ಮುಂದೆ ಒಬ್ಬ ತನ್ನ ತಂಗಿಯ ಬೆರಳುಗಳನ್ನು ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಬೇಕು ಅಂತ ಹೇಳಿಕೊಡುತ್ತಿದ್ದ. ಡಿಯೋ ನಮ್ಮೂರಿಗೆ ಬರಲೇ ಇಲ್ಲ. ಆ ಬೇಜಾರು ನನಗೆ ಹೋಗುವುದಿಲ್ಲ.

ಮಲ್ಲೇಶ್ವರದ ಡ್ರಮ್ಮರ್

ಅಜ್ಜಿಯ ಕಥೆಗೆ ನೂರು ಲೈಕ್. ಬಸವನಗುಡಿ ಸರ್, ಸರಿ, ಮೊದಲು ನಿಮ್ಮದು, ಎರಡನೆಯದು ನನ್ನದು.

ವಿಜಯನಗರ ವಾಲ್ಯೂಮ್

ಎಲ್ಲರೂ ಹಳೆಯದನ್ನೇ ಹೇಳಿದ್ದೀರಿ, ನಾನು ಕೊನೆಯದನ್ನು ಹೇಳುತ್ತೇನೆ. 2009ರಲ್ಲಿ ಅದೇ ಸಬಾತ್ ಗೆಳೆಯರ ಜೊತೆ ‘ಹೆವನ್ ಅಂಡ್ ಹೆಲ್’ ಅನ್ನೋ ಹೆಸರಿನಲ್ಲಿ ‘ದ ಡೆವಿಲ್ ಯು ನೋ’ ಆಲ್ಬಂ ಮಾಡಿದರು. ಆಗ ಡಿಯೋಗೆ 66 ವರ್ಷ. ಅದರ ‘ಬೈಬಲ್ ಬ್ಲ್ಯಾಕ್’ ಕೇಳಿ. ದನಿ ಸ್ವಲ್ಪ ಕೆಳಗಿಳಿದಿದೆ, ಭಾರ ಬಂದಿದೆ, ಬಲ ಮಾತ್ರ ಹಾಗೇ ಇದೆ. ಅದೇ ವರ್ಷ ನವೆಂಬರ್‌ನಲ್ಲಿ ಹೊಟ್ಟೆಯ ಕ್ಯಾನ್ಸರ್ ಅನ್ನೋ ಸುದ್ದಿ ಬಂತು. ಆರು ತಿಂಗಳಲ್ಲಿ ಹೋದರು. ನಮ್ಮ ಅಪ್ಪನನ್ನು ಕರೆದುಕೊಂಡು ಹೋಗಿದ್ದೂ ಅದೇ ಕಾಯಿಲೆ, ಹಾಗಾಗಿ ಆ ಆಲ್ಬಂ ಹಾಕಿದರೆ ಮಧ್ಯದಲ್ಲಿ ಏಳಲು ಆಗುವುದಿಲ್ಲ ನನಗೆ. ಡಿಯೋ ಅವರ ಹೆಂಡತಿ ವೆಂಡಿ ಗಂಡನ ಹೆಸರಿನಲ್ಲಿ ಕ್ಯಾನ್ಸರ್ ನಿಧಿ ಮಾಡಿದ್ದಾರೆ, ಈಗಲೂ ನಡೆಸುತ್ತಿದ್ದಾರೆ.

ಮನುಷ್ಯನಾಗಿ ಅವರು ಹೇಗಿದ್ದರು ಅಂತ ಅವಳು ಕೇಳಿದರೆ ‘ಹಿಯರ್ ಎನ್ ಏಡ್’ ಬಗ್ಗೆ ಹೇಳಿ. 1985ರಲ್ಲಿ ಆಫ್ರಿಕಾದ ಬರಗಾಲಕ್ಕೆ ದುಡ್ಡು ಸೇರಿಸಲು ಹೆವಿ ಮೆಟಲ್‌ನವರನ್ನೆಲ್ಲ ಒಂದೇ ಸ್ಟುಡಿಯೋಗೆ ಕರೆತಂದರು, ತಮ್ಮ ಬ್ಯಾಂಡಿನ ಜಿಮ್ಮಿ ಬೇನ್, ವಿವಿಯನ್ ಕ್ಯಾಂಪ್‌ಬೆಲ್ ಜೊತೆ ಸೇರಿ. ‘ಸ್ಟಾರ್ಸ್’ ಅನ್ನೋ ಆ ಹಾಡಿನಲ್ಲಿ ಒಬ್ಬೊಬ್ಬರಿಗೂ ಒಂದೆರಡು ಸಾಲು ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ ಡಿಯೋ ದನಿ ಯಾವುದು ಅಂತ ಅವಳಿಗೇ ಹುಡುಕಲು ಹೇಳಿ, ಅಷ್ಟೊತ್ತಿಗೆ ಕಂಡುಹಿಡಿಯುತ್ತಾಳೆ. ಸಾಧ್ಯವಾದರೆ ಅವಳ ಸಂಗೀತದ ಮೇಡಂಗೂ ಒಮ್ಮೆ ಕೇಳಿಸಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ, ನಾವೆಲ್ಲ ಕಾಯುತ್ತಿರುತ್ತೇವೆ.