ಹ್ಯಾಶ್ ತಾಳೆಯಾದ ಫೈಲ್‌ಗಳನ್ನು ನೋಡದೆ ಕೈಬಿಡಬಹುದೇ?

ತೊಗರಿಕಣಜ, ಕಲಬುರಗಿ:
ಇಲ್ಲಿನ ಗಂಜ್‌ನ ದಾಲ್ ಮಿಲ್ ಒಂದರ ಪಾಲುದಾರರ ತಕರಾರಿನಲ್ಲಿ, ಲೆಕ್ಕದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಪರಿಶೀಲಿಸಿಕೊಡುವ ಕೆಲಸ ನನಗೆ ಬಂದಿದೆ. ಅದರಲ್ಲಿರುವ ಲಕ್ಷಾಂತರ ಫೈಲ್‌ಗಳಲ್ಲಿ ಬಹುಪಾಲು ವಿಂಡೋಸ್ ಮತ್ತು ಆಫೀಸ್‌ನವು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಪ್ರಕಟಿಸುವ, ಗೊತ್ತಿರುವ ತಂತ್ರಾಂಶಗಳ ಹ್ಯಾಶ್‌ಗಳ (ಫೈಲಿನ ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆಗಳ) ಎನ್‌ಎಸ್‌ಆರ್‌ಎಲ್ ಪಟ್ಟಿಯೊಂದಿಗೆ ಹ್ಯಾಶ್ ಹೋಲಿಸಿ, ತಾಳೆಯಾದವನ್ನೆಲ್ಲ ನಿರಪಾಯಕಾರಿ ಎಂದು ಕೈಬಿಟ್ಟು, ಉಳಿದವನ್ನು ಮಾತ್ರ ನೋಡಿದರೆ ಸಾಕೇ? ಎಂಡಿ5, ಶಾ-1, ಶಾ-256 ಎಂಬ ಹ್ಯಾಶ್ ಲೆಕ್ಕಹಾಕುವ ವಿಧಾನಗಳಲ್ಲಿ ಯಾವುದನ್ನು ನೆಚ್ಚಬೇಕು?

ಕುಸುರಿಗಾರ, ಬೀದರ್:
ಕೈಬಿಡಬಹುದು ಸರ್, ಆದರೆ ನೀವು ಹೇಳಿದ ಕಾರಣಕ್ಕಲ್ಲ. ಅದು ಮೂಲ ಗೊತ್ತಿರುವ ಫೈಲ್‌ಗಳ ಪಟ್ಟಿಯೇ ಹೊರತು ಒಳ್ಳೆಯ ಫೈಲ್‌ಗಳ ಪಟ್ಟಿಯಲ್ಲ. ಹ್ಯಾಕಿಂಗ್‌ಗೆ ಬಳಸುವ ಹಾಗೂ ಚಿತ್ರಗಳೊಳಗೆ ಮಾಹಿತಿ ಬಚ್ಚಿಡುವ ಸಾಧನಗಳ ಹ್ಯಾಶ್‌ಗಳೂ ಅದರಲ್ಲಿವೆ. ಆದ್ದರಿಂದ ಯಾವ ತಂತ್ರಾಂಶದೊಂದಿಗೆ ತಾಳೆಯಾಯಿತು ಎಂಬುದನ್ನು ಮೊದಲು ನೋಡಿ. ಲೆಕ್ಕದ ಕಂಪ್ಯೂಟರಿನಲ್ಲಿ ಅಂಥದೊಂದು ಸಾಧನ ಸಿಕ್ಕರೆ ನಿಮ್ಮ ತನಿಖೆ ಶುರುವಾಗಬೇಕಾದದ್ದೇ ಅಲ್ಲಿಂದ. ಹ್ಯಾಶ್ ಫೈಲಿನ ಹೆಸರನ್ನು ಲೆಕ್ಕಿಸುವುದಿಲ್ಲ; ಒಳಗಿನ ಒಂದೇ ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಹೀಗಾಗಿ ವಿಂಡೋಸ್ ಫೈಲಿನ ಹೆಸರು ಹೊತ್ತು ಕುಳಿತ ಬೇರೊಂದು ಪ್ರೋಗ್ರಾಂ ತಾಳೆಯಾಗದೆ, ನೀವು ನೋಡಬೇಕಾದವುಗಳಲ್ಲೇ ಉಳಿಯುತ್ತದೆ. ಈ ವಿಧಾನದ ನಿಜವಾದ ಲಾಭ ಇದೇ ಎಂಬುದು ನನ್ನ ಅಭಿಪ್ರಾಯ.

ಎಂಡಿ5ರಲ್ಲಿ ಒಂದೇ ಹ್ಯಾಶ್ ಕೊಡುವ ಎರಡು ಭಿನ್ನ ಫೈಲ್‌ಗಳನ್ನು ರಚಿಸಬಹುದೆಂದು 2004ರಲ್ಲಿ, ಶಾ-1ರಲ್ಲಿ 2017ರಲ್ಲಿ ತೋರಿಸಲಾಯಿತು. ಈಗಾಗಲೇ ಇರುವ ಮೈಕ್ರೋಸಾಫ್ಟ್ ಫೈಲಿಗೆ ಸರಿಹೊಂದುವಂತೆ ಇನ್ನೊಂದನ್ನು ರಚಿಸುವುದು ಅದಕ್ಕಿಂತ ಎಷ್ಟೋ ಕಠಿಣವಾದರೂ, ವಕೀಲರೊಡನೆ ವಾದಿಸುತ್ತ ಕೂರುವ ಬದಲು ಶಾ-256 ಬಳಸುವುದು ಲೇಸು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಅದನ್ನು ಪಡೆದ ವಿಧಾನವನ್ನೂ ನಮೂದಿಸಬೇಕು.

ಭೀಮಾದಂಡೆ, ಯಾದಗಿರಿ:
ಮೇಲಿನವರ ಮಾತಿಗೆ ಒಂದು ಸೇರಿಕೆ. ತಾಳೆಯಾಗದ ಮಾತ್ರಕ್ಕೆ ಫೈಲನ್ನು ಅನುಮಾನಿಸಬೇಡಿ. ಬಿಲ್ಲುಗಳು, ಲೆಕ್ಕದ ದತ್ತಾಂಶ, ಸೆಟ್ಟಿಂಗ್ಸ್ ಫೈಲ್‌ಗಳು ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ನಮ್ಮ ಕಡೆಯ ಮಿಲ್ಲುಗಳಲ್ಲಿ ತೂಕದ ಚೀಟಿಗೆಂದು ಊರಿನವರೇ ಬರೆದುಕೊಟ್ಟ ಪ್ರೋಗ್ರಾಂಗಳಿರುತ್ತವೆ. ಅವು ಆ ಪಟ್ಟಿಯಲ್ಲಿ ಸಿಗುತ್ತವೆಂದು ನಿರೀಕ್ಷಿಸಬೇಡಿ. ಬರೆದವರಿಂದಲೇ ಮೂಲ ಪ್ರತಿ ಪಡೆದು, ಹೊಸದಾಗಿ ಸಿದ್ಧಪಡಿಸಿದ ಕಂಪ್ಯೂಟರಿನಲ್ಲಿ ಅಳವಡಿಸಿ, ಅದರ ಹ್ಯಾಶ್‌ಗಳ ಸ್ವಂತ ಪಟ್ಟಿ ಮಾಡಿಕೊಳ್ಳಿ. ತಕರಾರಿನ ಕಂಪ್ಯೂಟರಿನಿಂದಲೇ ಆ ಪಟ್ಟಿ ಮಾಡಿದರೆ, ತಿದ್ದಿದ ಪ್ರೋಗ್ರಾಮನ್ನೇ ಅಸಲಿ ಎಂದು ದಾಖಲಿಸಿದಂತಾಗುತ್ತದೆ. ಅಂದಹಾಗೆ, ಇ3ಬಿ0ಸಿ442 ಎಂದು ಆರಂಭವಾಗುವ ಶಾ-256 ಹ್ಯಾಶ್ ಮತ್ತೆ ಮತ್ತೆ ಕಂಡರೆ ಗಾಬರಿಯಾಗಬೇಡಿ: ಒಳಗೆ ಏನೂ ಇಲ್ಲದ ಖಾಲಿ ಫೈಲ್‌ಗಳಿಗೆಲ್ಲ ಅದೇ ಹ್ಯಾಶ್ ಬರುತ್ತದೆ.