ಬಾಯ್ಜ್ ಟು ಮೆನ್ ತಂಡದ ‘ಟೂ’ ಆಲ್ಬಂ: ನಾಲ್ಕು ದನಿ ಬೇರೆ ಬೇರೆ ಕೇಳಿಸುವುದು ಹೇಗೆ?

ಹೊಸಕಿವಿ:
ಅಮೆರಿಕದ ಈ ಗಾಯಕರ ತಂಡದ 1994ರ ಆಲ್ಬಂ ಈಗ ದಿನಾ ಕೇಳುತ್ತಿದ್ದೇನೆ. ನಿಧಾನದ ಪ್ರೀತಿ ಹಾಡುಗಳೇ ಜಾಸ್ತಿ, ತುಂಬಾ ಹಿಡಿಸಿವೆ. ಆದರೆ ನಾಲ್ವರೂ ಒಟ್ಟಿಗೆ ಹಾಡುವಾಗ ನನಗೆ ಮೇಲಿನ ದನಿ ಒಂದೇ ಕೇಳಿಸುತ್ತದೆ, ಉಳಿದದ್ದೆಲ್ಲ ಕಲಸಿಹೋಗುತ್ತದೆ. ಯಾವ ಹಾಡಿನಿಂದ ಶುರು ಮಾಡಲಿ?

ಮಂದ್ರ:
ಕೊನೆಯ ಹಾಡಿನಿಂದ. ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ಯನ್ನು ಇವರು ವಾದ್ಯವೇ ಇಲ್ಲದೆ ಹಾಡಿದ್ದಾರೆ, ಹಾಗಾಗಿ ಅಡಗಿಕೊಳ್ಳಲು ಜಾಗವೇ ಇಲ್ಲ. ಪದಗಳನ್ನು ಬಿಟ್ಟು ಮೈಕಲ್ ಮೆಕ್ಯಾರಿ ಅವರ ಬೇಸ್ ದನಿಯ (ಎಲ್ಲಕ್ಕಿಂತ ತಗ್ಗಿನ ದನಿ) ಹಿಂದೆ ಮಾತ್ರ ಹೋಗಿ. ನಮಗೆ ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಿಡಿದು ಅಭ್ಯಾಸ ಅಲ್ವಾ, ಅದಕ್ಕೇ ಕಿವಿ ಮೇಲಿನ ದನಿಗೆ ಓಡುತ್ತದೆ. ಹಾರ್ಮನಿಯಲ್ಲಿ, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವಾಗ, ಮೇಲಿನ ಸ್ವರ ನಿಂತಲ್ಲೇ ನಿಂತಿದ್ದರೂ ಕೆಳಗಿನದು ಸ್ವಲ್ಪ ಸರಿದರೆ ಸಾಕು, ಭಾವವೇ ಬೇರೆಯಾಗುತ್ತದೆ.

ಮೆಕ್ಯಾರಿ ದನಿ ಗುರುತಾಗಬೇಕಾದರೆ ‘ಆನ್ ಬೆಂಡೆಡ್ ನೀ’ ಹಾಕಿ. ನಡುವೆ ಹಾಡು ನಿಲ್ಲಿಸಿ ಮಾತಿನಲ್ಲೇ ಕ್ಷಮೆ ಕೇಳುವವರು ಅವರೇ.

ಫಿಲಿಅಭಿಮಾನಿ:
ಒಂದೇ ಅಕ್ಷರವನ್ನು ಕರ್ನಾಟಕ ಸಂಗೀತದಲ್ಲಿ ಸಂಗತಿ ಹಾಕಿದ ಹಾಗೆ ಬಳುಕಿಸಿ ಎಳೆದರೆ ಅದು ವಾನ್ಯಾ ಮಾರಿಸ್. ನೇಥನ್ ಮಾರಿಸ್ ದನಿ ಇನ್ನೂ ಕೆಳಗಿನದು, ಗಟ್ಟಿ. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ. ಮೆತ್ತಗಿನ ಟೆನರ್ (ಎತ್ತರದ ಗಂಡು ದನಿ) ಶಾನ್ ಸ್ಟಾಕ್‌ಮನ್ ಅವರದು. ಫಿಲಡೆಲ್ಫಿಯಾದ ಹೈಸ್ಕೂಲಿನಲ್ಲಿ ಕೂಡಿಕೊಂಡ ತಂಡ ಇದು.

ಹಳೇಟೇಪು:
ಎಲ್ಲರೂ ‘ಐಲ್ ಮೇಕ್ ಲವ್ ಟು ಯು’ ಬಗ್ಗೆಯೇ ಮಾತಾಡುತ್ತಾರೆ. 14 ವಾರ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು, ಅದನ್ನು ಕೆಳಗಿಳಿಸಿದ್ದೂ ಇವರದೇ ‘ಆನ್ ಬೆಂಡೆಡ್ ನೀ’. ಸರಿ, ದೊಡ್ಡ ಹಾಡೇ. ಆದರೂ ನನ್ನ ಆಯ್ಕೆ ‘ವಾಟರ್ ರನ್ಸ್ ಡ್ರೈ’. ಇದನ್ನೂ ‘ಐಲ್ ಮೇಕ್ ಲವ್ ಟು ಯು’ವನ್ನೂ ಬರೆದವರು ಬೇಬಿಫೇಸ್, ಆದರೆ ಇದರಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಪ್ರೀತಿ ಬತ್ತುವ ಮುಂಚೆ ಕೂತು ಮಾತಾಡೋಣ ಅನ್ನುವ ಹಾಡಿಗೆ ಆ ತಗ್ಗಿದ ದನಿಯೇ ಸರಿ.

ಹೊಸಕಿವಿ:
‘ಯೆಸ್ಟರ್‌ಡೇ’ ಕೇಳಿದೆ, ಬೇಸ್ ಸಿಕ್ಕಿತು! ಈಗಿನ ಲೈವ್ ವಿಡಿಯೋಗಳಲ್ಲೂ ಹೀಗೇ ಕೇಳಿಸುತ್ತದೆಯೇ?

ಮಂದ್ರ:
ಇಲ್ಲ. ಮೆಕ್ಯಾರಿ 2003ರಲ್ಲಿ ತಂಡ ಬಿಟ್ಟರು, ಈಗ ಮೂವರೇ. ಮೂವರೂ ಚೆನ್ನಾಗಿ ಹಾಡುತ್ತಾರೆ, ಆದರೆ ಆ ತಳ ಇಲ್ಲ. ನಾಲ್ಕೂ ದನಿ ಬೇಕೆಂದರೆ ಆಲ್ಬಂ ರೆಕಾರ್ಡಿಂಗನ್ನೇ ಕೇಳಿ, ಅದೂ ಹೆಡ್‌ಫೋನ್‌ನಲ್ಲಿ. ಫೋನ್ ಸ್ಪೀಕರಿನಲ್ಲಿ ಬೇಸ್ ಅರ್ಧಕ್ಕರ್ಧ ಮಾಯ.